ಕಪ್ತಾನನ ವಯಸ್ಸು: ಹೇಳಿಕೆ ಲೆಕ್ಕಗಳ ಕೆಲವು ಸಾಕ್ಷ್ಯಗಳ ಮರುಪರಿಶೀಲನೆ

1. ವಿಷಯ

ಒಂದು ಹಡಗಿನಲ್ಲಿ 26 ಕುರಿಗಳೂ 10 ಮೇಕೆಗಳೂ ಇವೆ, ಕಪ್ತಾನನ ವಯಸ್ಸೆಷ್ಟು? ಪ್ರಾಥಮಿಕ ಶಾಲೆಯ ಬಹುಪಾಲು ಮಕ್ಕಳು ಈ ಪ್ರಶ್ನೆಗೆ ಉತ್ತರ ಬರೆದುಕೊಟ್ಟರು ಎಂಬ ಸಂಗತಿ ಗಣಿತ ಶಿಕ್ಷಣದ ಬರಹಗಳಲ್ಲಿ ನಾಲ್ಕು ದಶಕಗಳಿಗೂ ಮಿಕ್ಕಿ ಚಲಾವಣೆಯಲ್ಲಿದೆ. ಅದರಿಂದ ಸಾಮಾನ್ಯವಾಗಿ ತೆಗೆಯುವ ತೀರ್ಮಾನ ಒಂದೇ. ಶಾಲೆಯಲ್ಲಿ ಗಣಿತ ಕಲಿತ ಮಗು ಓದಿದ್ದರ ಅರ್ಥದ ಗೊಡವೆಗೆ ಹೋಗುವುದಿಲ್ಲ. ಕಣ್ಣಿಗೆ ಬಿದ್ದ ಸಂಖ್ಯೆಗಳನ್ನು ಕೂಡಿಯೋ ಕಳೆದೋ ಕೈತೊಳೆದುಕೊಳ್ಳುತ್ತದೆ.

ಈ ತೀರ್ಮಾನಕ್ಕೆ ಆಧಾರವೆಂದು ಪದೇಪದೇ ಉಲ್ಲೇಖಗೊಳ್ಳುವ ಸಾಕ್ಷ್ಯಗಳನ್ನು ಇಲ್ಲಿ ಒಂದೊಂದಾಗಿ ನೋಡಲಾಗಿದೆ. ಫ್ರಾನ್ಸಿನ ಕಪ್ತಾನನ ಲೆಕ್ಕ, ಅದರ ಜತೆಯ ಕುರುಬನ ಲೆಕ್ಕ, ಅಮೆರಿಕದ ಬಸ್ಸಿನ ಲೆಕ್ಕ, ಬೆಲ್ಜಿಯಮ್ಮಿನ ಹತ್ತು ಜೋಡಿ ಲೆಕ್ಕಗಳು ಮುಖ್ಯವಾದವು. ಭಾರತದ ಒಂದು ಅಳತೆಯ ಪ್ರಶ್ನೆಯನ್ನು ಹೋಲಿಕೆಗಾಗಿ ಕೊನೆಯಲ್ಲಿ ಸೇರಿಸಿದೆ. ವಾಕ್ಯಗಳಲ್ಲಿ ವಿವರಿಸಿದ ಸನ್ನಿವೇಶದಿಂದ ಸಂಖ್ಯೆಗಳನ್ನೂ ಕ್ರಿಯೆಯನ್ನೂ ಆರಿಸಿಕೊಂಡು ಬಿಡಿಸಬೇಕಾದ ಲೆಕ್ಕವನ್ನು ಶಿಕ್ಷಕರ ಬಳಕೆಯಂತೆ 'ಹೇಳಿಕೆ ಲೆಕ್ಕ' ಎಂದು ಕರೆಯಲಾಗಿದೆ. 'ಕ್ರಿಯೆ' ಎಂದರೆ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಈ ನಾಲ್ಕು ಮಾತ್ರ.

2. ಕಾಲನಿರ್ಣಯ ಮತ್ತು ಪಾಠಾಂತರ

2.1. ಕಪ್ತಾನನ ಲೆಕ್ಕದ ಮೂಲವೆಂದು ಹೇಳಲಾಗುವುದು ಫ್ರೆಂಚ್ ಕಾದಂಬರಿಕಾರ ಗುಸ್ತಾವ್ ಫ್ಲೋಬೆರ್ ತನ್ನ ತಂಗಿ ಕರೋಲಿನಳಿಗೆ ಬರೆದ ಪತ್ರ. ಪತ್ರದ ವರ್ಷವನ್ನು ಕೆಲವರು 1841 ಎಂದೂ ಕೆಲವರು 1843 ಎಂದೂ ಕೊಡುತ್ತಾರೆ. ಫ್ಲೋಬೆರ್ ಹುಟ್ಟಿದ್ದು 1821ರ ಡಿಸೆಂಬರಿನಲ್ಲಿ. ಮೊದಲ ವರ್ಷವನ್ನು ಒಪ್ಪಿದರೆ ಬರೆದಾಗ ಆತನಿಗೆ 19, ಎರಡನೆಯದನ್ನು ಒಪ್ಪಿದರೆ 21. ಬಾಸ್ಟನ್ನಿನಿಂದ ಹೊರಟು ಲ ಹಾವ್ರ್ ಬಂದರಿನತ್ತ ಸಾಗುತ್ತಿರುವ ಹಡಗು, ಅದರ 200 ಟನ್ ಸಾಮರ್ಥ್ಯ, ಮುರಿದ ಕೂವೆಮರ, 12 ಮಂದಿ ಪ್ರಯಾಣಿಕರು, ಗಾಳಿಯ ದಿಕ್ಕು, ಗಡಿಯಾರದಲ್ಲಿ ಮೂರೂಕಾಲು ಗಂಟೆ, ಇಷ್ಟು ವಿವರಗಳ ನಂತರ ಕಪ್ತಾನನ ವಯಸ್ಸನ್ನು ಕೇಳಲಾಗಿದೆ. ಹಡಗಿನ ಸರಕು ಫ್ರೆಂಚ್ ಪಾಠದಲ್ಲಿ ಹತ್ತಿ. ಇಂಗ್ಲಿಷಿನಲ್ಲಿ ಹೆಚ್ಚು ಪ್ರಚಾರದಲ್ಲಿರುವ ರೂಪದಲ್ಲಿ ಅದು ಉಣ್ಣೆಯಾಗಿದೆ.

ಈ ಪತ್ರವನ್ನು ಮುಂದಿನ ಪ್ರಯೋಗಗಳ ನೇರ ಪೂರ್ವಜ ಎನ್ನುವಾಗ ಸ್ವಲ್ಪ ಎಚ್ಚರ ಬೇಕು. ಫ್ಲೋಬೆರನ ಲೆಕ್ಕದಲ್ಲಿ ಒಂದಕ್ಕೊಂದು ಹೊಂದದ ಬಗೆಬಗೆಯ ಅಳತೆಗಳಿವೆ. ಯಾವ ಎರಡನ್ನು ಹಿಡಿದು ಏನು ಮಾಡಬೇಕೆಂಬ ಸೂಚನೆ ಓದುಗನಿಗೆ ಸಿಗುವುದಿಲ್ಲ. ಅದು ಲೆಕ್ಕದ ಪುಸ್ತಕಗಳ ಧಾಟಿಯ ಅಣಕ. ಶಾಲೆಯ ಪ್ರಯೋಗಕ್ಕೆ ಬಂದ ರೂಪದಲ್ಲಾದರೋ ಸಂಖ್ಯೆಗಳು ಎರಡೇ, ಎರಡೂ ತಲೆಎಣಿಕೆ. ಹೆಸರು ಒಂದೇ, ಉಪಕರಣ ಬೇರೆ.

2.2. ಪ್ರಯೋಗ ನಡೆದದ್ದು ಫ್ರಾನ್ಸಿನ ಗ್ರೆನೋಬ್ಲ್ ನಗರದ ಗಣಿತ ಬೋಧನಾ ಸಂಶೋಧನ ಸಂಸ್ಥೆಯ ವತಿಯಿಂದ. ವರದಿಯನ್ನು ಕೆಲವರು 1979ರದೆಂದೂ ಹಲವರು 1980ರದೆಂದೂ ಉಲ್ಲೇಖಿಸುತ್ತಾರೆ. ಗಣಿತ ಶಿಕ್ಷಕರ ಸಂಘದ ಪತ್ರಿಕೆಯಲ್ಲಿ ಅದು ಅಚ್ಚಾದದ್ದು 1980ರಲ್ಲಿ. ಅಚ್ಚಿನ ವರ್ಷವನ್ನೇ ಇಲ್ಲಿ ಅನುಸರಿಸಲಾಗಿದೆ. ಶಾಲೆಯ ಆವರಣದ ಹೊರಗಿನ ಓದುಗರಿಗೆ ಇದನ್ನು ಮುಟ್ಟಿಸಿದ್ದು ಸ್ಟೆಲ್ಲಾ ಬಾರುಕ್ 1985ರಲ್ಲಿ ಪ್ರಕಟಿಸಿದ, ಕಪ್ತಾನನ ವಯಸ್ಸನ್ನೇ ಹೆಸರಾಗಿ ಹೊತ್ತ ಪುಸ್ತಕ.

2.3. 2018ರ ಜನವರಿಯಲ್ಲಿ ಚೀನಾದ ಸಿಚುವಾನ್ ಪ್ರಾಂತದ ನಾನ್‌ಚೊಂಗ್ ನಗರದ ಶುನ್‌ಚಿಂಗ್ ಜಿಲ್ಲೆಯಲ್ಲಿ ಐದನೇ ತರಗತಿಯ ಪರೀಕ್ಷೆಯಲ್ಲಿ ಇದೇ ಲೆಕ್ಕ ಕಾಣಿಸಿಕೊಂಡು ದೇಶವಿದೇಶಗಳಲ್ಲಿ ಸುದ್ದಿಯಾಯಿತು. ಸಂಖ್ಯೆಗಳೂ ಅವೇ, 26 ಮತ್ತು 10. ಮುದ್ರಣದೋಷವೆಂಬ ಅನುಮಾನವನ್ನು ಜಿಲ್ಲೆಯ ಶಿಕ್ಷಣ ಇಲಾಖೆ ತಳ್ಳಿಹಾಕಿ, ಮಕ್ಕಳ ವಿಮರ್ಶಾಪ್ರಜ್ಞೆಯನ್ನು ಪರೀಕ್ಷಿಸಲೆಂದೇ ಕೇಳಿದ್ದು ಎಂದು ಹೇಳಿತು. ಸುದ್ದಿಯಲ್ಲಿ ಬಂದ ಒಂದು ಉತ್ತರದ ಪ್ರಕಾರ, ಹಡಗು ನಡೆಸಲು ಪ್ರಾಪ್ತವಯಸ್ಕನಾಗಿರಬೇಕಾದ್ದರಿಂದ ಕಪ್ತಾನನಿಗೆ ಕನಿಷ್ಠ 18. ಇನ್ನೊಬ್ಬರು ಪ್ರಾಣಿಗಳ ಒಟ್ಟು ತೂಕ ಅಂದಾಜಿಸಿ, ಅಷ್ಟು ಸರಕಿನ ಹಡಗಿಗೆ ಬೇಕಾದ ಪರವಾನಗಿಯ ನಿಯಮ ಹಿಡಿದು, ಕನಿಷ್ಠ 28 ಎಂದು ವಾದಿಸಿದರು. ಗ್ರೆನೋಬ್ಲ್‌ನ ಮಕ್ಕಳು ಸುಮಾರು 7ರಿಂದ 9 ವರ್ಷದವರು. ಸಿಚುವಾನಿನವರು ಅವರಿಗಿಂತ ದೊಡ್ಡವರು, ಮೇಲಾಗಿ ಅದು ಅಂಕಗಳ ಪರೀಕ್ಷೆ. ಎರಡನ್ನೂ ಒಂದೇ ಸಾಲಿನಲ್ಲಿಟ್ಟು ಹೋಲಿಸುವ ಬರಹಗಳು ಈ ವ್ಯತ್ಯಾಸಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

3. 97ರಲ್ಲಿ 76

ಗ್ರೆನೋಬ್ಲ್‌ನಲ್ಲಿ ಲೆಕ್ಕವನ್ನು ಕೊಟ್ಟದ್ದು 97 ಮಕ್ಕಳಿಗೆ. ಅವರಲ್ಲಿ 76 ಮಂದಿ ಕೊಟ್ಟ ಸಂಖ್ಯೆಗಳನ್ನು ಬಳಸಿ ವಯಸ್ಸನ್ನು ಹೇಳಿದರು, ಅಂದರೆ ಶೇ. 78.4. ಇದನ್ನು 'ಶೇ. 78 ಮಕ್ಕಳು 36 ಎಂದು ಬರೆದರು' ಎಂದು ತಿರುಗಿಸಿ ಹೇಳುವುದುಂಟು. ಅದು ಮೂಲದ ಮಾತಲ್ಲ. ಸಂಖ್ಯೆಗಳನ್ನು ಬಳಸಿದರು ಎಂಬುದಕ್ಕೂ ಒಂದು ನಿರ್ದಿಷ್ಟ ಉತ್ತರಕ್ಕೆ ಬಂದರು ಎಂಬುದಕ್ಕೂ ಇರುವ ಅಂತರ ಮುಂದಿನ ಚರ್ಚೆಗೆ ಮುಖ್ಯ.

97 ಮಕ್ಕಳ ಗುಂಪು ಯಾದೃಚ್ಛಿಕ ಮಾದರಿಯಾಗಿದ್ದಿದ್ದರೆ ಶೇ. 95 ವಿಶ್ವಾಸದ ಅಂತರ ಸ್ಥೂಲವಾಗಿ 69ರಿಂದ 85ರವರೆಗೆ ಹರಡುತ್ತಿತ್ತು. ಅದು ಅಂಥ ಮಾದರಿಯಲ್ಲ. ಕೆಲವು ತರಗತಿಗಳ ಮಕ್ಕಳು ಅಷ್ಟೆ. ಆದ್ದರಿಂದ 78.4 ಎಂಬ ದಶಾಂಶಕ್ಕೆ ಆ ತರಗತಿಗಳ ಆಚೆ ಬೆಲೆ ಕಡಿಮೆ. 'ಹೆಚ್ಚಿನವರು' ಎನ್ನಬಹುದು, ಅಷ್ಟರಮಟ್ಟಿಗೆ ತೃಪ್ತಿಪಡಬೇಕು.

ಇದರ ಮುಂದುವರಿಕೆಯಾಗಿ ಅದೇ ಜಾತಿಯ ಇನ್ನಷ್ಟು ಲೆಕ್ಕಗಳನ್ನು ಕೊಟ್ಟು, ಲೆಕ್ಕದ ಬಗ್ಗೆ ನಿನಗೇನನಿಸುತ್ತದೆ ಎಂದೂ ಕೇಳಲಾಯಿತು. ಆ ಸರಣಿಯ ಆರು ಲೆಕ್ಕಗಳು ಹೀಗಿವೆ: (ಅ) ಬಲಜೇಬಿನಲ್ಲಿ 4 ಲಾಲಿಪಾಪ್, ಎಡಜೇಬಿನಲ್ಲಿ 9 ಮಿಠಾಯಿ, ಅಪ್ಪನ ವಯಸ್ಸೆಷ್ಟು, (ಆ) ದೊಡ್ಡಿಯಲ್ಲಿ 125 ಕುರಿ, 5 ನಾಯಿ, ಕುರುಬನ ವಯಸ್ಸೆಷ್ಟು, (ಇ) ಕುರುಬನ ಬಳಿ 360 ಕುರಿ, 10 ನಾಯಿ, ಅವನ ವಯಸ್ಸೆಷ್ಟು, (ಈ) ತರಗತಿಯಲ್ಲಿ 12 ಹುಡುಗಿಯರು, 13 ಹುಡುಗರು, ಶಿಕ್ಷಕಿಯ ವಯಸ್ಸೆಷ್ಟು, (ಉ) ಹಡಗಿನಲ್ಲಿದ್ದ 36 ಕುರಿಗಳಲ್ಲಿ 10 ನೀರಿಗೆ ಬಿದ್ದವು, ಕಪ್ತಾನನ ವಯಸ್ಸೆಷ್ಟು, (ಊ) ತರಗತಿಯಲ್ಲಿ 4 ಮೇಜುಗಳ 7 ಸಾಲುಗಳಿವೆ, ಶಿಕ್ಷಕಿಯ ವಯಸ್ಸೆಷ್ಟು. ಮೊದಲ ಪ್ರಯೋಗದ 26, 10 ಎಂಬ ಸಂಖ್ಯೆಗಳಿಗೂ ಇಲ್ಲಿ (ಉ)ದಲ್ಲಿ ಬರುವ 36, 10ಕ್ಕೂ ಮರುಕಥನಗಳಲ್ಲಿ ಗೊಂದಲವಾಗುವುದು ಸುಲಭ. ಒಂದರ ಮೊತ್ತವೇ ಇನ್ನೊಂದರ ಆರಂಭದ ಸಂಖ್ಯೆ.

ನಾಲ್ಕೂ ಕ್ರಿಯೆಗಳನ್ನು ಈ ಲೆಕ್ಕಗಳ ಮೇಲೆ ನಡೆಸಿ ನೋಡಿದರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. (ಅ)ದಲ್ಲಿ ಕೂಡಿದರೆ 13, ಕಳೆದರೆ 5, ಭಾಗಿಸಿದರೆ 2.25; ಗುಣಿಸಿದರೆ ಮಾತ್ರ 36, ಒಬ್ಬ ಅಪ್ಪನಿಗೆ ಒಪ್ಪುವ ವಯಸ್ಸು. (ಆ)ದಲ್ಲಿ 130, 120, 625 ಯಾವುದೂ ಕೂಡದು, ಭಾಗಿಸಿದರೆ 25. (ಇ)ದಲ್ಲಿ 370, 350, 3600, ಭಾಗಿಸಿದರೆ 36. (ಈ)ದಲ್ಲಿ ಕೂಡಿದರೆ 25. ಉಳಿದವು 1, 156 ಮತ್ತು ಒಂದಕ್ಕಿಂತ ತುಸು ಹೆಚ್ಚು. (ಊ)ದಲ್ಲಿ ಕೂಡಿದರೆ 11, ಕಳೆದರೆ 3, ಗುಣಿಸಿದರೆ 28. (ಉ)ದಲ್ಲಿ ಮಾತ್ರ ಎರಡು ಉತ್ತರಗಳು ಒಪ್ಪಿತವಾಗಬಹುದು, 46 ಮತ್ತು 26. ಆದರೆ 'ನೀರಿಗೆ ಬಿದ್ದವು' ಎಂಬ ಮಾತು ಕಳೆಯುವ ಕಡೆಗೆ ತಳ್ಳುತ್ತದೆ. ಮೊದಲ ಪ್ರಯೋಗದ 26, 10ರಲ್ಲಿ ಮೊತ್ತ 36 ಒಪ್ಪುತ್ತದೆ. ವ್ಯತ್ಯಾಸ 16 ಕಪ್ತಾನನಿಗೆ ಬಹಳ ಎಳೆಯದು.

ಅಂದರೆ ಪ್ರತಿಯೊಂದು ಲೆಕ್ಕದಲ್ಲೂ ಹೆಚ್ಚುಕಡಿಮೆ ಒಂದೇ ಒಂದು ಕ್ರಿಯೆ ನಂಬಬಹುದಾದ ವಯಸ್ಸನ್ನು ಕೊಡುತ್ತದೆ, ಆ ಕ್ರಿಯೆ ಲೆಕ್ಕದಿಂದ ಲೆಕ್ಕಕ್ಕೆ ಬದಲಾಗುತ್ತದೆ. ಇದು ಆಕಸ್ಮಿಕವೆನ್ನುವುದು ಕಷ್ಟ. ರಚಿಸಿದವರು ಬೇಕೆಂದೇ ಹಾಗೆ ಸಂಖ್ಯೆಗಳನ್ನು ಆರಿಸಿರುವ ಸಂಭವ ಹೆಚ್ಚು. ಇದರ ಪರಿಣಾಮ ಎರಡು ಬಗೆಯದು. ಒಂದು, ಕಣ್ಣುಮುಚ್ಚಿ ಸದಾ ಕೂಡುವ ಮಗು (ಅ)ದಲ್ಲಿ ಅಪ್ಪನಿಗೆ 13 ವರ್ಷ ಕೊಡಬೇಕಾಗುತ್ತದೆ. ಅಲ್ಲಿ 36 ಎಂದು ಬರೆದ ಮಗು ಬೇರೇನನ್ನೋ ಮಾಡಿದೆ. ಎರಡು, 26 ಮತ್ತು 10ರ ಮೂಲ ಲೆಕ್ಕದಿಂದ ಈ ಎರಡು ಬಗೆಯ ಮಕ್ಕಳನ್ನು ಬೇರ್ಪಡಿಸಲಾಗದು. ಅಲ್ಲಿ ಇಬ್ಬರೂ 36ಕ್ಕೇ ಬಂದು ನಿಲ್ಲುತ್ತಾರೆ. 76 ಎಂಬ ಸಂಖ್ಯೆಯೊಳಗೆ ಈ ಎರಡು ಬಗೆಗಳೂ ಬೆರೆತಿರಬಹುದು.

4. ಕುರುಬನ ವಯಸ್ಸು 25

ಮೇಲಿನ (ಆ) ಲೆಕ್ಕದ ಬಗ್ಗೆ ಸ್ವಿಟ್ಜರ್ಲೆಂಡಿನ ಸಂಶೋಧಕ ಕುರ್ಟ್ ರಾಯ್ಸರ್ 1988ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಮಗು ಗಟ್ಟಿಯಾಗಿ ಹೇಳಿಕೊಂಡ ಯೋಚನೆ ದಾಖಲಾಗಿದೆ. ಸಾರಾಂಶ ಇಷ್ಟು. ಮಗು ಮೊದಲು ಕೂಡಿ 130 ಪಡೆದು, ಇದು ತೀರ ಹೆಚ್ಚಾಯಿತೆಂದು ಬಿಟ್ಟಿತು. ಕಳೆದು 120 ಪಡೆದು, ಇದೂ ಹೆಚ್ಚಾಯಿತೆಂದು ಬಿಟ್ಟಿತು. ಭಾಗಿಸಿದಾಗ 25 ಬಂತು. ಇದು ಸರಿಹೋಗುತ್ತದೆಂದು ಕುರುಬನಿಗೆ 25 ವರ್ಷವೆಂದು ತೀರ್ಮಾನಿಸಿತು.

ಈ ದಾಖಲೆಯನ್ನು ಮಕ್ಕಳು ಅರ್ಥ ನೋಡುವುದಿಲ್ಲ ಎಂಬುದಕ್ಕೆ ನಿದರ್ಶನವಾಗಿ ಉಲ್ಲೇಖಿಸುವುದೇ ರೂಢಿ. ದಾಖಲೆಯೇ ಹೇಳುವುದು ಅದಕ್ಕಿಂತ ಸಂಕೀರ್ಣವಾದುದು. ಮನುಷ್ಯ 130 ವರ್ಷ, 120 ವರ್ಷ ಬದುಕಿ ಕುರಿ ಕಾಯುವುದಿಲ್ಲವೆಂಬ ಲೋಕಜ್ಞಾನವನ್ನು ಮಗು ಎರಡು ಸಲ ಬಳಸಿದೆ, ಸರಿಯಾಗಿಯೇ ಬಳಸಿದೆ. ಬಳಸದೇ ಬಿಟ್ಟದ್ದು ಒಂದೇ ಕಡೆ: ಕುರಿಗಳ ಎಣಿಕೆಗೂ ಕುರುಬನ ವಯಸ್ಸಿಗೂ ಏನು ಸಂಬಂಧ ಎಂದು ಕೇಳಬೇಕಾದಲ್ಲಿ. ವಾಸ್ತವದ ಅರಿವು ಉತ್ತರವನ್ನು ತಾಳೆ ನೋಡುವ ಕೆಲಸಕ್ಕೆ ಬಂದಿದೆ, ಲೆಕ್ಕವನ್ನು ತಾಳೆ ನೋಡುವ ಕೆಲಸಕ್ಕೆ ಬಂದಿಲ್ಲ. ಒಂದು ಮಗುವಿನ ದಾಖಲೆಯಿಂದ ಹೆಚ್ಚಿನದನ್ನು ಹೇಳಲಾಗದು. ಆದರೆ ವಿಭಾಗ 3ರಲ್ಲಿ ತೋರಿಸಿದ ಸಂಖ್ಯಾರಚನೆಯೊಂದಿಗೆ ಇದು ಪೂರ್ತಿ ಹೊಂದುತ್ತದೆ.

ಕನ್ನಡ ಶಾಲೆಗಳಲ್ಲಿ ಪಾಠ ಮಾಡಿದವರಿಗೆ ಇದರ ಇನ್ನೊಂದು ಮುಖ ಪರಿಚಿತ. ಹೇಳಿಕೆ ಲೆಕ್ಕ ಬರೆಸಿದ ಕೂಡಲೆ "ಸಾರ್, ಇದು ಕೂಡೋದಾ, ಕಳೆಯೋದಾ?" ಎಂದು ಕೇಳುವ ಮಕ್ಕಳು ಯಾವ ತರಗತಿಯಲ್ಲೂ ಇದ್ದೇ ಇರುತ್ತಾರೆ. ಲೆಕ್ಕಕ್ಕೆ ಒಂದು ಕ್ರಿಯೆ ಇದ್ದೇ ಇದೆ, ಅದನ್ನು ಕಂಡುಹಿಡಿಯುವುದಷ್ಟೇ ತನ್ನ ಪಾಲಿನ ಕೆಲಸ ಎಂಬ ಗ್ರಹಿಕೆ ಆ ಪ್ರಶ್ನೆಯೊಳಗಿದೆ. ಫ್ರಾನ್ಸಿನ ಗೀ ಬ್ರೂಸೋ ಶಿಕ್ಷಕ ಮತ್ತು ವಿದ್ಯಾರ್ಥಿಯ ನಡುವೆ ಇರುವ, ಯಾರೂ ಬಾಯಿಬಿಟ್ಟು ಹೇಳದ ಪರಸ್ಪರ ನಿರೀಕ್ಷೆಗಳಿಗೆ 'ಬೋಧನಾ ಕರಾರು' ಎಂಬ ಪರಿಕಲ್ಪನೆಯನ್ನು ಕೊಟ್ಟರು. ಕೊಟ್ಟ ಲೆಕ್ಕಕ್ಕೆ ಉತ್ತರವಿರುತ್ತದೆ, ಕೊಟ್ಟ ಸಂಖ್ಯೆಗಳೆಲ್ಲ ಬೇಕಾಗುತ್ತವೆ, ಕೊಡದ ಸಂಖ್ಯೆ ಬೇಕಾಗುವುದಿಲ್ಲ ಎಂಬ ಮೂರನ್ನೂ ಆ ಕರಾರಿನ ಷರತ್ತುಗಳೆಂದು ಓದಬಹುದು. ಪಠ್ಯಪುಸ್ತಕದ ಲೆಕ್ಕಗಳಲ್ಲಿ ಈ ಮೂರೂ ಬಹುಮಟ್ಟಿಗೆ ನಿಜ. ಮಗು ತಪ್ಪಾಗಿ ಕಲಿತಿದೆ ಎನ್ನುವುದಕ್ಕಿಂತ ಅನುಭವದಿಂದ ಸರಿಯಾಗಿ ಕಲಿತದ್ದನ್ನು, ಅದು ಸಲ್ಲದ ಕಡೆಯಲ್ಲೂ ನಡೆಸಿದೆ ಎನ್ನುವುದು ಹೆಚ್ಚು ನಿಖರವಾದೀತು.

5. ಬಸ್ಸುಗಳ ಲೆಕ್ಕ

5.1. ಅಮೆರಿಕದ ರಾಷ್ಟ್ರೀಯ ಶೈಕ್ಷಣಿಕ ಪ್ರಗತಿ ಮೌಲ್ಯಮಾಪನದ ಮೂರನೆಯ ಗಣಿತ ಸುತ್ತಿನಲ್ಲಿ 13 ವರ್ಷದವರಿಗೆ ಕೇಳಿದ ಲೆಕ್ಕ: ಸೇನೆಯ ಒಂದು ಬಸ್ಸಿನಲ್ಲಿ 36 ಸೈನಿಕರು ಕೂರಬಹುದು, 1128 ಸೈನಿಕರನ್ನು ತರಬೇತಿ ಸ್ಥಳಕ್ಕೆ ಸಾಗಿಸಲು ಎಷ್ಟು ಬಸ್ಸು ಬೇಕು? ಈ ಲೆಕ್ಕದ ಕಾಲವನ್ನು ಬಹುತೇಕ ಲೇಖನಗಳು 1983 ಎಂದು ಕೊಡುತ್ತವೆ. ಅದು ಫಲಿತಾಂಶದ ವಿಶ್ಲೇಷಣೆ ಅಚ್ಚಾದ ವರ್ಷ. ಪರೀಕ್ಷೆ ನಡೆದದ್ದು 1982ರಲ್ಲಿ.

ಭಾಗಲಬ್ಧ 31, ಶೇಷ 12. ಆದ್ದರಿಂದ 32 ಬಸ್ಸು. ಪ್ರಚಾರದಲ್ಲಿರುವ ಫಲಿತಾಂಶ ಹೀಗಿದೆ: 'ಬಸ್ಸುಗಳು 31, ಶೇಷ 12' ಎಂದವರು ಶೇ. 29, 31 ಎಂದವರು ಶೇ. 18, 32 ಎಂದವರು ಶೇ. 23, ಭಾಗಾಕಾರದಲ್ಲೇ ಎಡವಿದವರು ಶೇ. 30.

ಈ ಶೇಕಡಾವಾರುಗಳನ್ನು ಉಲ್ಲೇಖಿಸುವಾಗ ಛೇದವನ್ನು ಮರೆಯುವುದು ಸಾಮಾನ್ಯ. 'ಭಾಗಾಕಾರ ಬಲ್ಲ ಮಕ್ಕಳಿಗೂ ಅರ್ಥ ಗೊತ್ತಾಗುವುದಿಲ್ಲ' ಎಂಬುದು ವಾದವಾದರೆ ಲೆಕ್ಕಕ್ಕೆ ಹಿಡಿಯಬೇಕಾದದ್ದು ಎಲ್ಲ ಮಕ್ಕಳನ್ನಲ್ಲ, ಭಾಗಿಸಿದ ಶೇ. 70 ಮಂದಿಯನ್ನು. ಆ 70ನ್ನು ನೂರಕ್ಕೆ ಪರಿವರ್ತಿಸಿದರೆ ಶೇಷಸಹಿತ ಬರೆದವರು ಸುಮಾರು 41, 31 ಎಂದವರು ಸುಮಾರು 26, 32 ಎಂದವರು ಸುಮಾರು 33. ಕೆಲವು ಜನಪ್ರಿಯ ಬರಹಗಳಲ್ಲಿ ಬರುವ 'ಮೂರನೇ ಒಂದು ಭಾಗ' ಎಂಬುದಕ್ಕೂ ಇನ್ನು ಕೆಲವದರಲ್ಲಿ ಬರುವ 'ಕಾಲು ಭಾಗಕ್ಕಿಂತ ಕಡಿಮೆ' ಎಂಬುದಕ್ಕೂ ವಿರೋಧವಿಲ್ಲ. ಛೇದ ಬೇರೆ, ಅಷ್ಟೆ. ಶೇಕಡಾವಾರನ್ನು ಬಳಸಿ ಮಕ್ಕಳ ಗಣಿತವನ್ನು ವಿಮರ್ಶಿಸುವ ಬರಹಗಳಲ್ಲಿ ಛೇದ ಕಾಣೆಯಾಗುವುದು ಸ್ವಲ್ಪ ಮುಜುಗರದ ವಿಷಯ.

5.2. 32 ಅಲ್ಲದ ಈ ಎರಡು ಉತ್ತರಗಳನ್ನು ಒಂದೇ ತೂಕದ ತಪ್ಪು ಎನ್ನಲಾಗದು. 'ಶೇಷ 12' ಎಂದು ಬರೆದ ಮಗು ಭಾಗಾಕಾರದ ಉತ್ತರ ಬರೆಯುವ ಶಾಲೆಯ ಕ್ರಮವನ್ನು ಚಾಚೂತಪ್ಪದೆ ಪಾಲಿಸಿದೆ. ಭಾಗಲಬ್ಧ, ಶೇಷ ಎರಡನ್ನೂ ಬರೆಯದಿದ್ದರೆ ಅಂಕ ಕಡಿಯುವ ಪದ್ಧತಿ ನಮ್ಮಲ್ಲೂ ಇದೆ. 31 ಎಂದು ಬರೆದ ಮಗು ಶೇಷವನ್ನು ಬಿಟ್ಟಿರಬಹುದು, ಅಥವಾ ಉಳಿದ 12 ಮಂದಿಯನ್ನು ಇದ್ದ ಬಸ್ಸುಗಳಲ್ಲೇ ಹೊಂದಿಸಿರಬಹುದು. ಎರಡನೆಯದು ಬರಿಯ ಊಹೆಯಲ್ಲ. ಸಿಲ್ವರ್, ಶಪಿರೊ ಮತ್ತು ಡಾಯ್ಚ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಧ್ಯಮ ಶಾಲೆಯ ಮಕ್ಕಳಿಗೆ ಇಂಥದೇ ಬಸ್ಸಿನ ಲೆಕ್ಕ ಕೊಟ್ಟು, ಉತ್ತರಕ್ಕೆ ವಿವರಣೆಯನ್ನೂ ಬರೆಯಲು ಹೇಳಲಾಗಿತ್ತು. 540 ಮಂದಿ, ಬಸ್ಸಿಗೆ 40. ನಿರೀಕ್ಷಿತ ಉತ್ತರ 14ನ್ನು ಕೊಟ್ಟವರು ಅರ್ಧಕ್ಕಿಂತ ಕಡಿಮೆ. ಆದರೆ ಬೇರೆ ಸಂಖ್ಯೆ ಬರೆದ ಕೆಲವರು, ಮಿಕ್ಕವರಿಗೆ ಚಿಕ್ಕ ವಾಹನ ಸಾಕು ಎಂಬಂಥ, ಬಸ್ಸು ಹತ್ತಿ ಇಳಿದ ಯಾರೂ ಒಪ್ಪುವ ವಿವರಣೆಗಳನ್ನು ಕೊಟ್ಟಿದ್ದರು. ಸಂಖ್ಯೆಯನ್ನಷ್ಟೇ ನೋಡಿ ಅಂಕ ಕೊಟ್ಟರೆ ಇವರೂ ಅರ್ಥ ನೋಡದವರ ಲೆಕ್ಕಕ್ಕೇ ಸೇರುತ್ತಾರೆ. ನಮ್ಮ ಊರಿನ ಬಸ್ಸುಗಳಲ್ಲಿ 36 ಸೀಟಿಗೆ ಎಷ್ಟು ಮಂದಿ ಎಂಬುದನ್ನು ನೆನೆದರೆ 31 ಎಂಬ ಉತ್ತರವನ್ನು ಒಮ್ಮೆಲೇ ತಳ್ಳಿಹಾಕಲು ಕೈ ಬಾರದು.

6. ಹತ್ತು ಜೋಡಿಗಳು

ಬೆಲ್ಜಿಯಮ್ಮಿನ ಫ್ಲೆಮಿಶ್ ಭಾಷಾ ಪ್ರದೇಶದಲ್ಲಿ ವೆರ್ಷಾಫೆಲ್, ದೆ ಕೋರ್ಟೆ ಮತ್ತು ಲಾಸ್ಯೂರ್ ನಡೆಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಹೆಚ್ಚು ಅನುಕರಣೆಗೊಂಡದ್ದು. ಐದನೇ ತರಗತಿಯ 75 ಮಕ್ಕಳಿಗೆ ಹತ್ತು ಜೋಡಿ ಲೆಕ್ಕಗಳು. ಪ್ರತಿ ಜೋಡಿಯಲ್ಲಿ ಒಂದು ನೇರವಾದದ್ದು. ಇನ್ನೊಂದನ್ನು ವಾಸ್ತವವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡಿಸಿದರೆ ತಪ್ಪಾಗುತ್ತದೆ. ಎರಡನೆಯ ಬಗೆಯ ಲೆಕ್ಕಗಳಿಗೆ ಬಂದ ಪ್ರತಿಕ್ರಿಯೆಗಳಲ್ಲಿ ವಾಸ್ತವವನ್ನು ಗಮನಿಸಿದವು ಒಟ್ಟು ಶೇ. 17.

ಈ 17 ಒಂದು ಸರಾಸರಿ, ಅದರೊಳಗಿನ ಹರವು ದೊಡ್ಡದು. 18 ಬಲೂನುಗಳನ್ನು 4 ಮೊಮ್ಮಕ್ಕಳಿಗೆ ಸಮನಾಗಿ ಹಂಚುವ ಲೆಕ್ಕದಲ್ಲಿ ಶೇ. 59 ಪ್ರತಿಕ್ರಿಯೆಗಳು ವಾಸ್ತವಕ್ಕೆ ಒಪ್ಪುವಂಥವು. ಅರ್ಧ ಬಲೂನು ಯಾರಿಗೂ ಬೇಡ. 450 ಸೈನಿಕರನ್ನು 36 ಸೀಟಿನ ಬಸ್ಸುಗಳಲ್ಲಿ ಸಾಗಿಸುವ ಲೆಕ್ಕದಲ್ಲಿ ಶೇ. 49. ಎರಡೂವರೆ ಮೀಟರಿನ 4 ಹಲಗೆಗಳಿಂದ 1 ಮೀಟರಿನ ತುಂಡುಗಳೆಷ್ಟು ಸಿಗುತ್ತವೆ ಎಂಬುದಕ್ಕೆ ಶೇ. 14, ಸರಿಯುತ್ತರ 8, ಹೆಚ್ಚಿನವರದು 10. ಶಾಲೆಯಿಂದ 17 ಕಿ.ಮೀ. ಮತ್ತು 8 ಕಿ.ಮೀ. ದೂರದಲ್ಲಿರುವ ಇಬ್ಬರ ಮನೆಗಳ ನಡುವಿನ ಅಂತರ ಕೇಳಿದ್ದಕ್ಕೆ ಶೇ. 3. 100 ಮೀಟರನ್ನು 17 ಸೆಕೆಂಡುಗಳಲ್ಲಿ ಓಡುವವನಿಗೆ 1 ಕಿ.ಮೀ. ಓಡಲು ಎಷ್ಟು ಹೊತ್ತು ಎಂಬುದಕ್ಕೂ ಶೇ. 3. ಎರಡು ಕಂಬಗಳ ನಡುವೆ ತುಂಡು ಹಗ್ಗಗಳನ್ನು ಕಟ್ಟುವ ಲೆಕ್ಕದಲ್ಲಿ, ಗಂಟಿಗೆ ಹಗ್ಗ ಬೇಕೆಂಬುದನ್ನು ಒಬ್ಬರೂ ಗಮನಿಸಲಿಲ್ಲ.

ಬಲೂನಿಗೂ ಹಗ್ಗದ ಗಂಟಿಗೂ ನಡುವಿನ 59 ಅಂಶಗಳ ಅಂತರ ಒಂದೇ ಕಾರಣದಿಂದ ಬಂದದ್ದೆನ್ನಲು ಆಧಾರ ಸಾಲದು. ಹಂಚಿಕೆಯಲ್ಲಿ ಮಿಗುವುದು ಭಾಗಾಕಾರದ ಪಾಠದಲ್ಲೇ ಬರುವ ಸಂಗತಿ. ಗಂಟಿಗೆ ಎಷ್ಟು ಹಗ್ಗ ಹೋಗುತ್ತದೆಂಬುದು ಪಾಠದಲ್ಲಿ ಬಾರದು, ಲೆಕ್ಕದಲ್ಲಿ ಅದಕ್ಕೆ ಸಂಖ್ಯೆಯೂ ಇಲ್ಲ. ಮನೆಗಳ ಅಂತರದ ಲೆಕ್ಕಕ್ಕೆ ಒಂದೇ ಉತ್ತರವಿಲ್ಲ, 9ರಿಂದ 25 ಕಿ.ಮೀ.ವರೆಗೆ ಏನೂ ಇರಬಹುದು. 'ಹೇಳಲಾಗದು' ಎಂದು ಬರೆಯುವ ಧೈರ್ಯ ಐದನೇ ತರಗತಿಯಲ್ಲಿ ಅಪರೂಪ. ಮೇಲಾಗಿ ಕೆಲವು ಲೆಕ್ಕಗಳಲ್ಲಿ 'ವಾಸ್ತವ'ವನ್ನು ನಿರ್ಧರಿಸಿದ್ದು ಸಂಶೋಧಕರು. ಶೇ. 17ನ್ನು ಒಂದು ಮನೋಗುಣದ ಅಳತೆಯೆಂದು ಓದುವ ಬದಲು, ಈ ಹತ್ತು ಲೆಕ್ಕಗಳ ಆಯ್ಕೆಯ ಫಲವೆಂದು ಓದುವುದು ಕ್ಷೇಮ. ಬೇರೆ ಹತ್ತನ್ನು ಆರಿಸಿದ್ದರೆ ಬೇರೆ ಸರಾಸರಿ ಬರುತ್ತಿತ್ತು.

ಇಷ್ಟಾದರೂ ಫಲಿತಾಂಶದ ಒಟ್ಟು ದಿಕ್ಕು ಬಲವಾಗಿಯೇ ಇದೆ. ಉತ್ತರ ಐರ್ಲೆಂಡಿನ 13, 14 ವರ್ಷದವರ ಮೇಲೆ ಗ್ರಿಯರ್ 1993ರಲ್ಲಿ ಪ್ರಕಟಿಸಿದ ಅಧ್ಯಯನ, ಜಪಾನಿನ ಐದನೇ ತರಗತಿಯವರ ಮೇಲೆ ಯೋಶಿದಾ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನ, ಎರಡೂ ಅದೇ ಕಡೆಗೆ ಬೆರಳು ತೋರುತ್ತವೆ.

7. ಎಚ್ಚರಿಕೆಯ ಸೂಚನೆ ಮತ್ತು ಟೆಲಿಫೋನು

ಮಕ್ಕಳಿಗೆ ಮೊದಲೇ ಎಚ್ಚರಿಕೆ ಕೊಟ್ಟರೆ ಸಾಕಲ್ಲವೇ ಎಂಬ ಪ್ರಶ್ನೆ ಸಹಜ. 'ಕೆಲವು ಲೆಕ್ಕಗಳು ಕಂಡಷ್ಟು ಸುಲಭವಲ್ಲ, ನೋಡಿ ಬಿಡಿಸಿ' ಎಂಬ ಬಗೆಯ ಸೂಚನೆಗಳನ್ನು ಹಲವು ಅಧ್ಯಯನಗಳಲ್ಲಿ ಪ್ರಯತ್ನಿಸಲಾಯಿತು. ಮೇಲೆ ಹೇಳಿದ ಜಪಾನಿನದೂ ಅವುಗಳಲ್ಲೊಂದು. ಪರಿಣಾಮ ಅತ್ಯಲ್ಪ.

ಇದಕ್ಕೆ ಎದುರಾಗಿ ನಿಲ್ಲುವುದು ಡಿಫ್ರಾಂಕೊ ಮತ್ತು ಕರ್ಸಿಯೊ 1997ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನ. ಆರನೇ ತರಗತಿಯ 20 ಮಕ್ಕಳಿಗೆ ಮೊದಲು ಕಾಗದದ ಮೇಲಿನ ಲೆಕ್ಕ: 328 ಹಿರಿಯ ನಾಗರಿಕರು, ಬಸ್ಸಿಗೆ 40 ಮಂದಿ. ಸಮರ್ಪಕ ಉತ್ತರ ಕೊಟ್ಟವರು 2. ಬಳಿಕ ಅದೇ ಮಕ್ಕಳಿಗೆ, ಪ್ರವಾಸಕ್ಕೆ ಬೇಕಾದ ವ್ಯಾನುಗಳನ್ನು ಫೋನಿನಲ್ಲಿ ಮಾತಾಡಿ ಗೊತ್ತುಮಾಡುವ ಕೆಲಸ ಕೊಡಲಾಯಿತು. ಸಮರ್ಪಕವಾಗಿ ಮಾಡಿದವರು 16.

2ರಿಂದ 16ಕ್ಕೆ ಏರಿದ್ದು ಗಮನಾರ್ಹ. ಆದರೆ ಎರಡು ಸಂದರ್ಭಗಳಲ್ಲಿ ಬದಲಾದದ್ದು ಸನ್ನಿವೇಶ ಮಾತ್ರವಲ್ಲ. ಸಂಖ್ಯೆಗಳು, ವಾಹನ, ಉತ್ತರ ಕೊಡುವ ಬಗೆ ಎಲ್ಲವೂ ಬದಲಾದವು, ಕ್ರಮವೂ ಎಲ್ಲರಿಗೂ ಒಂದೇ. ಏರಿಕೆಯಲ್ಲಿ ಯಾವುದರ ಪಾಲೆಷ್ಟೆಂದು ವಿಂಗಡಿಸಲು ಈ ವಿನ್ಯಾಸದಿಂದ ಸಾಧ್ಯವಿಲ್ಲ. ಇಷ್ಟನ್ನು ಮಾತ್ರ ನಿಶ್ಚಿತವಾಗಿ ಹೇಳಬಹುದು: ಕಾಗದದಲ್ಲಿ ಎಡವಿದ 18 ಮಂದಿಯಲ್ಲಿ ಕನಿಷ್ಠ 14 ಮಂದಿ ಫೋನಿನ ಮುಂದೆ ಎಡವಲಿಲ್ಲ. ಆ 14 ಮಂದಿಗೆ ಮಿಕ್ಕವರಿಗೂ ಒಂದು ವಾಹನ ಬೇಕೆಂಬ ತಿಳಿವಳಿಕೆ ಇರಲಿಲ್ಲವೆಂದು ಕಾಗದದ ಉತ್ತರದಿಂದ ತೀರ್ಮಾನಿಸಿದ್ದರೆ ಅದು ತಪ್ಪಾಗುತ್ತಿತ್ತು.

8. ತ್ರೈರಾಶಿಕದ ಎಲ್ಲೆ: ಒಂದು ಉಪಟಿಪ್ಪಣಿ

ವಿಭಾಗ 6ರ ಓಟಗಾರನ ಲೆಕ್ಕಕ್ಕೆ 170 ಸೆಕೆಂಡು ಎನ್ನುವುದು ನಮ್ಮ ಪರಂಪರೆಯ ಮಾತಿನಲ್ಲಿ ತ್ರೈರಾಶಿಕವನ್ನು, ಅಂದರೆ ತಿಳಿದ ಮೂರು ರಾಶಿಗಳಿಂದ ನಾಲ್ಕನೆಯದನ್ನು ಪಡೆಯುವ ಕ್ರಮವನ್ನು, ಅದು ಸಲ್ಲದ ಕಡೆ ಬಳಸಿದ್ದು. ಪ್ರಮಾಣ 100, ಫಲ 17, ಇಚ್ಛಾ 1000. ಯಂತ್ರದಂತೆ ನಡೆಸಿದರೆ ಇಚ್ಛಾಫಲ 170. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ತ್ರೈರಾಶಿಕಕ್ಕೆ ಪ್ರತ್ಯೇಕ ಸ್ಥಾನವಿದೆ.

ಈ ಟಿಪ್ಪಣಿಗೆ ಹೆಚ್ಚು ಸಂಗತವಾದದ್ದು ಭಾಸ್ಕರಾಚಾರ್ಯನ 'ಲೀಲಾವತಿ', 1150ರದು. ಒಂದು ಹೆಚ್ಚಿದಂತೆ ಇನ್ನೊಂದು ತಗ್ಗುವ ಕಡೆ ಬಳಸುವ ವ್ಯಸ್ತ ತ್ರೈರಾಶಿಕದ ವಿಧಾನದ ಜತೆಗೆ, ಅದನ್ನು ಎಲ್ಲೆಲ್ಲಿ ಬಳಸಬೇಕೆಂಬುದನ್ನೂ ಅಲ್ಲಿ ಹೆಸರಿಸಲಾಗಿದೆ: ಜೀವಿಗಳ ವಯಸ್ಸಿಗೂ ಬೆಲೆಗೂ ಇರುವ ಸಂಬಂಧ, ಚಿನ್ನದ ಬಣ್ಣಕ್ಕೂ ತೂಕಕ್ಕೂ ಇರುವ ಸಂಬಂಧ ಇತ್ಯಾದಿ. ನಿಯಮದ ಜತೆಗೇ ನಿಯಮದ ಎಲ್ಲೆಯನ್ನೂ ಕಲಿಯುವವನ ಕೈಗೆ ಕೊಡುವ ಕ್ರಮವಿದು. ಅದರಿಂದ ಅಂದಿನ ವಿದ್ಯಾರ್ಥಿಗಳು ಎಡವುತ್ತಿರಲಿಲ್ಲ ಎಂದೇನೂ ಸಿದ್ಧವಾಗದು.

9. ಪಟ್ಟಿಯ ಮೇಲಿನ ಅಳತೆ

ಭಾರತದ 'ಅಸರ್' ಸಮೀಕ್ಷೆ 2023ರಲ್ಲಿ 28 ಗ್ರಾಮೀಣ ಜಿಲ್ಲೆಗಳ 14ರಿಂದ 18 ವಯಸ್ಸಿನ 34,745 ಮಂದಿಯನ್ನು ಒಳಗೊಂಡಿತ್ತು. ಕರ್ನಾಟಕದಿಂದ ಮೈಸೂರು ಜಿಲ್ಲೆ ಆಯ್ಕೆಯಾಗಿತ್ತು. ಅದರ ಒಂದು ಪ್ರಶ್ನೆ ಅಳತೆಪಟ್ಟಿಯದು. ವಸ್ತುವಿನ ಒಂದು ತುದಿ ಸೊನ್ನೆಯ ಗೆರೆಯ ಮೇಲಿದ್ದಾಗ ಉದ್ದವನ್ನು ಸರಿಯಾಗಿ ಹೇಳಿದವರು ಸುಮಾರು ಶೇ. 85. ಆ ತುದಿಯನ್ನು ಸೊನ್ನೆಯಿಂದ ಸರಿಸಿಟ್ಟಾಗ ಶೇ. 39. 2017ರ ಇದೇ ವಯೋಮಾನದ ಸಮೀಕ್ಷೆಯಲ್ಲೂ ಇದೇ ಪ್ರಶ್ನೆಗೆ ಬಂದ ಫಲಿತಾಂಶ ಬಹಳ ಹತ್ತಿರದ್ದು, 86 ಮತ್ತು 40. ಎರಡು ಸುತ್ತುಗಳ ಜಿಲ್ಲೆಗಳು ಪೂರ್ತಿ ಒಂದೇ ಅಲ್ಲವಾದ್ದರಿಂದ ಇದನ್ನು ಕಾಲದ ಹೋಲಿಕೆಯಾಗಿ ಓದಲಾಗದು. ಅಂತರದ ಸ್ಥಿರತೆಯಷ್ಟನ್ನು ಗಮನಿಸಬಹುದು.

ಸುಮಾರು 46 ಅಂಶಗಳ ಈ ಕುಸಿತಕ್ಕೆ ಕಳೆಯುವ ಕ್ರಿಯೆ ಬಾರದಿರುವುದು ಪೂರ್ಣ ಕಾರಣವಾಗಿರಲಾರದು. ಕೊನೆಯ ತುದಿಯಲ್ಲಿ ಕಾಣುವ ಅಂಕಿಯೇ ಉತ್ತರವೆಂದು ಓದುವ ರೂಢಿ ಒಂದು ಸಂಭವನೀಯ ಕಾರಣ. ಕೊಟ್ಟ ಸಂಖ್ಯೆಯಿಂದ ನೇರವಾಗಿ ಉತ್ತರಕ್ಕೆ ಹೋಗುವ ಕಪ್ತಾನನ ಲೆಕ್ಕದ ಮಕ್ಕಳಿಗೂ ಇವರಿಗೂ ಅಷ್ಟರಮಟ್ಟಿಗೆ ಸಾಮ್ಯವಿದೆ. ಆದರೆ ಇಲ್ಲಿ ಪ್ರಶ್ನೆ ಅರ್ಥವಿಲ್ಲದ್ದಲ್ಲ, ವಾಕ್ಯರೂಪದ್ದೂ ಅಲ್ಲ. ಸಾಮ್ಯವನ್ನು ಇದಕ್ಕಿಂತ ಮುಂದೆ ಎಳೆಯುವುದು ಸಾಧುವಲ್ಲ.

10. ತೀರ್ಪು ಮತ್ತು ಕೋರಿಕೆ

ಮೇಲಿನ ಸಾಕ್ಷ್ಯಗಳು ಶಾಲೆಯ ಹೇಳಿಕೆ ಲೆಕ್ಕಗಳ ಮುಂದೆ ಮಕ್ಕಳು ಪ್ರಶ್ನೆಯನ್ನು ಪ್ರಶ್ನಿಸುವುದು ವಿರಳ ಎಂಬುದನ್ನು ಸಮರ್ಥಿಸುತ್ತವೆ. ಮಕ್ಕಳು ಅರ್ಥ ನೋಡುವುದಿಲ್ಲ ಎಂಬುದನ್ನು ಸಮರ್ಥಿಸುವುದಿಲ್ಲ. ಕುರುಬನ ಲೆಕ್ಕದ ದಾಖಲೆ ಮತ್ತು ಫೋನಿನ ಪ್ರಯೋಗ, ಸಣ್ಣವಾದರೂ, ಎರಡನೆಯ ಮಾತಿಗೆ ವಿರುದ್ಧವೇ ಇವೆ.

ಕನ್ನಡ ಮಾಧ್ಯಮದ ತರಗತಿಗಳಲ್ಲಿ ಕಪ್ತಾನನ ಲೆಕ್ಕವನ್ನು ಪರೀಕ್ಷಿಸಬಯಸುವ ಶಿಕ್ಷಕರಲ್ಲಿ, ಸಂಶೋಧಕರಲ್ಲಿ ಮೂರು ಕೋರಿಕೆಗಳು. ನಾಲ್ಕು ಕ್ರಿಯೆಗಳಲ್ಲಿ ಯಾವುದೂ ನಂಬಬಹುದಾದ ವಯಸ್ಸನ್ನು ಕೊಡದಂಥ ಸಂಖ್ಯೆಗಳ ಲೆಕ್ಕವೊಂದನ್ನಾದರೂ ಸರಣಿಯಲ್ಲಿ ಸೇರಿಸಬೇಕು. 150 ಮತ್ತು 140ರಂಥ ಜೋಡಿ ಇದಕ್ಕೆ ಒದಗುತ್ತದೆ, ಅದರ ಮೊತ್ತ 290, ವ್ಯತ್ಯಾಸ 10, ಗುಣಲಬ್ಧ 21,000, ಭಾಗಲಬ್ಧ 1, ಶೇಷ 10. ಉತ್ತರದ ಜತೆ ಕಾರಣವನ್ನೂ ಬರೆಸಬೇಕು, ಅಥವಾ ಬಾಯಲ್ಲಿ ಹೇಳಿಸಿ ಬರೆದುಕೊಳ್ಳಬೇಕು. ಪ್ರಕಟಿಸುವಾಗ ಶೇಕಡಾವಾರಿನ ಜತೆಗೆ ಛೇದವನ್ನೂ, ಮಕ್ಕಳಿಗೆ ಮೊದಲು ಹೇಳಿದ ಮಾತುಗಳನ್ನೂ ಹೇಳಿದಂತೆಯೇ ಅಚ್ಚು ಮಾಡಬೇಕು.